ಮರಾಠಿ ಅನುಮಾನ, ಕನ್ನಡ ಅನುಮಾನ

ನನ್ನ ಥೈರಾಯ್ಡ್ ಗ್ರಂಥಿಯ ಬಲ ಅರ್ಧವನ್ನು ಗಂಟಿನ ಸಮೇತ ತೆಗೆದ ಮರುದಿನ, ಸರ್ಜನ್ ಸಾಹೇಬರು ಹಾಸಿಗೆಯ ಬಳಿ ನಿಂತು ತೀರ್ಪು ಕೊಟ್ಟರು. ಉಳಿದ ಎಡ ಅರ್ಧವೇ ಇಡೀ ದೇಹದ ಸಂಸಾರ ತೂಗಿಸುತ್ತದಂತೆ. “ಗೋಳಿ ಲಾಗಣಾರ ನಾಹೀ, ಅಸಂ ಆಮಚಂ ಅನುಮಾನ ಆಹೇ.”

ಗುಳಿಗೆ ಬೇಕಾಗುವುದಿಲ್ಲ ಎಂಬಷ್ಟು ಮರಾಠಿ ನನಗೂ ತಿಳಿಯುತ್ತದೆ. ಕೊನೆಯ ಮಾತು ಮಾತ್ರ ಹೊಲಿಗೆಯ ಪಕ್ಕದಲ್ಲೇ ಸಿಕ್ಕಿಕೊಂಡಿತು.

“ಅವರಿಗೇ ಅನುಮಾನ ಅದ ಅಂತಲ್ರೀ,” ಎಂದು ನಮ್ಮ ಯಜಮಾನರಿಗೆ ಪಿಸುಗುಟ್ಟಿದೆ.

ಯಜಮಾನರು ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿ. ಶುದ್ಧ ಮರಾಠಿಗೆ ಹೆಸರಾದ ಸದಾಶಿವ ಪೇಠೆಯವರಿಗೂ ಮರಾಠಿ ಕಲಿಸಬಲ್ಲೆನೆಂಬುದು ಅವರ ಗಾಢ ನಂಬಿಕೆ. “ಹುಚ್ಚಿ, ಅದು ನಮ್ಮ ಕನ್ನಡದ ಅನುಮಾನ ಅಲ್ಲ. ಮರಾಠ್ಯಾಗ ಅನುಮಾನ ಅಂದ್ರ ಲೆಕ್ಕಾ ಹಾಕಿ ಕಟ್ಟಿದ ಅಂದಾಜು. ಭಾಳ ದೊಡ್ಡ ಮಾತದು. ಸಂಶಯ ಗಿಂಶಯ ಅಲ್ಲ.”

ಬಾರಾಮತಿ ಕಡೆಯ ಬೆಲ್ಲವನ್ನು ಮುರಿದು, ಮೂಸಿ, ನಾಲಿಗೆಯ ಮೇಲೆ ಇಟ್ಟುಕೊಳ್ಳದೆ ದರ ಹೇಳದ ಮನುಷ್ಯ, ಹೆಂಡತಿಯ ಕುತ್ತಿಗೆಯ ವಿಷಯದಲ್ಲಿ ಬರೀ ಅಂದಾಜಿಗೆ ಕೈಮುಗಿದರು.

ಕೆಲವು ತಿಂಗಳಲ್ಲಿ ನಾನು ಏಪ್ರಿಲ್ ಸೆಕೆಯಲ್ಲಿ ಸ್ವೆಟರ್ ತೊಡುವ ಅಪರೂಪದ ಪ್ರಾಣಿಯಾದೆ. ಮುಖ ಊದಿತು, ಕೂದಲು ಬಾಚಣಿಗೆಯ ಪಾಲಾಯಿತು, ಕಚೇರಿಯಲ್ಲಿ ಅಂಕಿಗಳನ್ನು ಕೂಡಿಸುತ್ತಲೇ ತೂಕಡಿಸಿದೆ. ನನ್ನ ಕೈಯ ಲೆಕ್ಕ ತಪ್ಪುವುದೆಂದರೆ ನಮ್ಮ ಕಚೇರಿಯಲ್ಲಿ ಗ್ರಹಣ ಹಿಡಿದಂತೆ. ನಾದಿನಿ ಬಂದು ರೋಗ ಪತ್ತೆ ಮಾಡಿದಳು: “ಆಪರೇಷನ್ ಆದಮ್ಯಾಲೆ ವೈನಿಗೆ ಮೈಗಳ್ಳತನ ಬಂದದ.” ಯಜಮಾನರು ಪರಿಹಾರ ಸೂಚಿಸಿದರು: “ನೌಕರಿ ಬಿಟ್ಟುಬಿಡು.”

ಸರ್ಜನ್ ಸಾಹೇಬರಲ್ಲಿಗೆ ಹೋದೆವು. ಅವರು ನನ್ನ ಕುತ್ತಿಗೆಯ ಗೆರೆಯನ್ನು ತಾವೇ ನೇಯ್ದ ಪೈಠಣಿ ಸೀರೆಯ ಅಂಚಿನಂತೆ ನೋಡಿ ಸಂತೋಷಪಟ್ಟರು. ಸುಸ್ತೇ? ವಯಸ್ಸು. ರಕ್ತ ಪರೀಕ್ಷೆ? ಈಗೇನೂ ಬೇಡ. ಗೆರೆ ಚೆನ್ನಾಗಿ ಮಾಸಿದೆ. ಗೆರೆಯ ಹಿಂದೆ ಒಬ್ಬ ಹೆಂಗಸಿದ್ದಾಳೆಂಬುದು ಅವರ ಅನುಮಾನಕ್ಕೂ ಬರಲಿಲ್ಲ.

ವರ್ಷದ ಕೊನೆಗೆ ನೌಕರಿ ಬಿಡುತ್ತೇನೆಂದು ಕಚೇರಿಯಲ್ಲಿ ಹೇಳಿಯೂ ಬಿಟ್ಟೆ. ಹೇಳಿದ ದಿನ ನಾನು ಅತ್ತುಬಿಟ್ಟೆ, ದುಃಖಕ್ಕಲ್ಲ, ಸಿಟ್ಟಿಗೆ. ಆ ವಾರ ಕೆಮ್ಮಿಗೆಂದು ಹೋದಾಗ ನಮ್ಮ ಓಣಿಯ ಡಾಕ್ಟರಮ್ಮ ನನ್ನ ಮುಖ ನೋಡಿದ್ದೇ, ಕೆಮ್ಮಿನ ಮಾತು ಬದಿಗಿಟ್ಟು, ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಎಡ ಅರ್ಧ ಎಂದೋ ಸೋತು ಕೂತಿತ್ತು. ಗುಳಿಗೆ ಶುರುವಾಯಿತು. ಮೆಲ್ಲಗೆ ಸ್ವೆಟರ್ ಕಪಾಟು ಸೇರಿತು, ಅಂಕಿಗಳು ಮತ್ತೆ ನನ್ನ ಮಾತು ಕೇಳಿದವು. ಕೊಟ್ಟ ಮಾತನ್ನು ಕಚೇರಿಯಿಂದ ವಾಪಸು ಪಡೆದೆ.

ಆಮೇಲೆ ಸರ್ಜನ್ ಸಾಹೇಬರನ್ನು ಕಾಣಲು ಹೊರಟೆ. ಯಜಮಾನರು ದುಭಾಷಿಯಾಗಿ ಹಿಂದೆ ಬಂದರು.

ಸಾಹೇಬರಿಗೆ ಆಶ್ಚರ್ಯವೇ ಆಗಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ನನ್ನ ಟಿಎಸ್‌ಎಚ್ ಎಂಬ, ಗ್ರಂಥಿ ಸೋತಷ್ಟೂ ಏರುವ ಅಂಕಿ ಮೇಲಿನ ಅಂಚಿನಲ್ಲಿತ್ತಂತೆ, ಗ್ರಂಥಿಯ ಮೇಲೆ ಹಗೆ ಸಾಧಿಸುವ ಪ್ರತಿಕಾಯಗಳೂ ರಕ್ತದಲ್ಲಿದ್ದವಂತೆ. ಅಂಥವರಿಗೆ ಮುಂದೆ ಗುಳಿಗೆ ಬೇಕಾಗುವ ಸಂಭವ ಹೆಚ್ಚಂತೆ. ಹಾಗಾದರೆ ಹೇಳಲಿಲ್ಲವೇಕೆ? ಸುಮ್ಮನೆ ಹೆದರಿಕೊಳ್ಳುತ್ತೀರಿ ಎಂದು!

ಸಿಟ್ಟು ಬಂದರೆ ನನಗೆ ಮರಾಠಿ ಬರುವುದಿಲ್ಲ. “ಕುತ್ತಿಗಿ ಕೊಯ್ಯಾಕ ಕೊಟ್ಟಾಕಿ ನಾನು. ಗುಳಿಗಿಗೆ ಹೆದರತಿದ್ನೇನ್ರೀ? ಹೇಳ್ರಿ ಅವರಿಗೆ.”

ಯಜಮಾನರು ಕೆಮ್ಮಿ, ಮರಾಠಿಯಲ್ಲಿ, ಇವರಿಗೆ ಸ್ವಲ್ಪ ಬೇಸರವಾಗಿದೆ ಎಂದರು.

“ಬ್ಯಾಸರ ಅಲ್ಲ! ಕುತ್ತಿಗಿ ಅನ್ರಿ!”

ಯಜಮಾನರು ಹಾಗೇ ಅಂದರು. ಸಾಹೇಬರ ಮುಖ ಕೆಂಪಾಯಿತು. ಗುಳಿಗೆ ಜೀವನಪೂರ್ತಿ ಬೇಕೇ ಎಂದು ಯಜಮಾನರು ಮಾತು ತಿರುಗಿಸಿದರು. ಸಾಹೇಬರು ಮೇಜಿನ ಮೇಲಿನ ಪೆನ್ನು ನೋಡುತ್ತ ಏನೋ ಗೊಣಗಿದರು.

“ಏನಂತ?” ಎಂದೆ.

“ಬೇಕಾಗ್ತದ ಅಂತ ಅವರಿಗೆ ಅನುಮಾನ ಅದ ಅಂತ.”

“ಯಾವ ಭಾಷಾದ್ದು?”

ಯಜಮಾನರು ಪೆನ್ನು ನೋಡುತ್ತಿದ್ದ ಸಾಹೇಬರನ್ನೊಮ್ಮೆ ನೋಡಿದರು. “ನಿಂದು,” ಎಂದರು. “ನಡಿ, ಓಣಿ ಡಾಕ್ಟರಮ್ಮನ್ನ ಕೇಳೋಣು.”