ಖಾದರ ಕಾಕಾನ ವಿಡಿಯೋ ಗೇಮ್ ಪೆಟ್ಟಿಗೆ

ಮಗಳು ಕಂಪ್ಯೂಟರಿನಲ್ಲಿ ಹಳೆಯ ವಿಮಾನದ ಆಟ ಆಡುತ್ತಿದ್ದಳು. ಆ ಸದ್ದಿಗೆ ಓದುತ್ತಿದ್ದ ಪುಸ್ತಕ ಮುಚ್ಚಿದೆ.

ನಾನು ಹುಡುಗನಿದ್ದಾಗ ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಬಾಜು ಖಾದರ ಕಾಕಾನ ಅಂಗಡಿಯಲ್ಲಿ ಅದೇ ಆಟದ ಆಳೆತ್ತರದ ಪೆಟ್ಟಿಗೆ ಇತ್ತು. ಕೊನೆಗೊಮ್ಮೆ ಕಾಕಾ ಅದನ್ನು ಹುಬ್ಬಳ್ಳಿಯವರಿಗೆ ಮಾರಿದರು, ಮರುದಿನ ಅವರು ಒಯ್ಯುವವರಿದ್ದರು. ಊರಲ್ಲಿ ಯಾರೂ ಕೊನೆಯ ಹಂತ ಗೆದ್ದಿರಲಿಲ್ಲ. ನನಗೆ ಆ ಸಂಜೆಯೊಂದೇ ಉಳಿದಿತ್ತು. ಸಂಜೆಯ ಆಜಾನ್ ಕೇಳಿದೊಡನೆ ಕಾಕಾ ಪೆಟ್ಟಿಗೆ ಬಂದ್ ಮಾಡುವುದು ರೂಢಿ.

ಕೊನೆಯ ಹಂತ ಮುಟ್ಟಿದಾಗ ಇದ್ದದ್ದು ಒಂದೇ ಲೈಫ್.

"ಉಸಿರಾದ್ರೂ ಬಿಡಲೇ," ಎಂದ ಹಿಂದೆ ನಿಂತಿದ್ದ ಗೆಳೆಯ ಬಸು.

ಅಷ್ಟರಲ್ಲಿ ಆಜಾನ್ ಶುರುವಾಯಿತು.

"ಕಾಕಾ, ಬಂದ್ ಮಾಡಬ್ಯಾಡ್ರಿ, ಒಂದ ನಿಮಿಷ."

"ಆಡು ತಮ್ಮಾ, ಆವಾಜ್ ಅಷ್ಟ ತಗೀತೀನಿ," ಎಂದು ಕಾಕಾ ಸದ್ದು ನಿಲ್ಲಿಸಿದರು.

ನಾನು ಅಷ್ಟು ದಿನ ಕಿವಿಯಿಂದ ಆಡುತ್ತಿದ್ದೆನೆಂದು ಆಗಲೇ ಗೊತ್ತಾದದ್ದು. ಶತ್ರುವಿನ ಗುಂಡು ಹಾರುವ ಮೊದಲು ಬರುವ ಸಣ್ಣ ಸಿಳ್ಳೆ ಕೇಳಲಿಲ್ಲ. ವಿಮಾನ ಒಡೆಯಿತು.

ನಮಾಜಿಗೆ ಹೊರಟಿದ್ದ ಕಾಕಾ ಬಾಗಿಲಲ್ಲಿ ತಿರುಗಿ, "ಗೆದ್ದೇನಲೇ?" ಎಂದರು.

ನನಗಾಗಿ ರೂಢಿ ಮುರಿದವರಿಗೆ ಸೋತೆನೆನ್ನಲು ಬಾಯಿ ಬರಲಿಲ್ಲ. "ಹೂಂ ರೀ," ಎಂದೆ. ಬಸು ನೆಲ ನೋಡಿದ.

ಮಗಳ ವಿಮಾನವೂ ಒಡೆಯಿತು. ಅವಳು ಒಂದು ಗುಂಡಿ ಒತ್ತಿ ಆಟವನ್ನು ಅರ್ಧ ನಿಮಿಷ ಹಿಂದಕ್ಕೆ ಒಯ್ದಳು.

"ಅಪ್ಪಾ, ನೀ ಇದನ್ನ ಗೆದ್ದಿದ್ದೇನು?"

"ಇಲ್ಲವ್ವಾ," ಎಂದೆ. ಹಾಗೆ ಹೇಳಿದ್ದು ಅದೇ ಮೊದಲು.