ಫ್ಯಾನ್ ನಿಲ್ಲಿಸಿದವರು

ನಮ್ಮ ವಿಶ್ವವಿದ್ಯಾಲಯದ ಸಭಾಂಗಣ ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಅಟೆಂಡರ್ ಎಂದೇ ಕರೆಯುತ್ತಿದ್ದೆವು. ಕಡ್ಡಿರಾಂಪುರದಿಂದ ಸೈಕಲ್ ಮೇಲೆ ಬರುತ್ತಿದ್ದರು. ವೇದಿಕೆಯ ಮೇಲೆ ಯಾವ ವಾದ್ಯವಿದ್ದರೂ ಚಪ್ಪಲಿ ಬಾಗಿಲಲ್ಲೇ ಬಿಡುವರು. ಯಾವ ಕೆಲಸ ಹೇಳಿದರೂ ‘ಇರ್ಲಿ ಬಿಡ್ರಿ ಸರ್, ನಾ ನೋಡ್ಕೊಂತೀನಿ’ ಎನ್ನುವರು.

ಆ ವರ್ಷ ಯುರೋಪಿನ ಹಳೆಯ ಬರೋಕ್ ಸಂಗೀತದ ಉತ್ಸವ ನಡೆಸಿದೆವು. ಸಂಜೆ ಕಚೇರಿ, ಬೆಳಿಗ್ಗೆ ವಿದ್ವಾಂಸರ ಉಪನ್ಯಾಸ. ಮೊದಲ ಸಂಜೆ ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯವಿತ್ತು. ಅದರ ದನಿ ಬಹಳ ಸಣ್ಣದು, ಫ್ಯಾನುಗಳನ್ನು ನಿಲ್ಲಿಸಬೇಕೆಂದು ನುಡಿಸುವವರು ಕೇಳಿದ್ದರು. ಅಟೆಂಡರಿಗೆ ಹಾಗೆ ಮಾಡಲು ಹೇಳಿದವನು ನಾನೇ.

ಬೇಸಿಗೆಯ ಸೆಕೆ. ಹತ್ತು ನಿಮಿಷಕ್ಕೆಲ್ಲ ಮುಂದಿನ ಸಾಲಿನ ಮುಖ್ಯ ಅತಿಥಿಗಳು ಬೆವರೊರೆಸುತ್ತ ಎದ್ದು ನಿಂತರು.

‘ಯಾರ್ರಿ ಫ್ಯಾನ್ ಬಂದ್ ಮಾಡಿದ್ದು?’

ಅಟೆಂಡರ್ ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಆಹ್ವಾನಪತ್ರಿಕೆ ಓದತೊಡಗಿದೆ.

‘ನಾನ ಮಾಡಿದ್ನಿರಿ. ತಪ್ಪಾತ್ರಿ,’ ಎಂದು ಅವರು ಸ್ವಿಚ್ ಹಾಕಿದರು. ಫ್ಯಾನುಗಳ ಗರಗರದಲ್ಲಿ ವಾದ್ಯ ಆಮೇಲೆ ಕೇಳಿಸಲೇ ಇಲ್ಲ.

ಮರುದಿನ ಬೆಳಿಗ್ಗೆ ನನ್ನದೇ ಉಪನ್ಯಾಸ. ವಿಷಯ ‘ಕೇಳುಗನ ಹೊಣೆ’. ಹಾಳೆ ಬಿಡಿಸುವಷ್ಟರಲ್ಲಿ ತಲೆಯ ಮೇಲಿನ ಫ್ಯಾನುಗಳು ನಿಧಾನವಾಗಿ ನಿಂತವು. ಅಟೆಂಡರ್ ಬರಿಗಾಲಲ್ಲಿ ಬಂದು ನೀರಿನ ಲೋಟ ಇಟ್ಟು, ನನ್ನ ಕಿವಿಯ ಬಳಿ ಬಗ್ಗಿದರು.

‘ನಿಮ್ಮ ಮಾತು ಕೊನೀ ಸಾಲಿಗೂ ಕೇಳ್ಲಿ ಅಂತ ಬಂದ್ ಮಾಡೀನ್ರಿ. ಯಾರರ ಕೇಳಿದ್ರ ನನ್ನ ಹೆಸರು ಹೇಳಿಬಿಡ್ರಿ.’

ಐದು ವರ್ಷ ಅವರ ಕೈಯಿಂದ ನೀರು ಕುಡಿದಿದ್ದೆ. ಅವರ ಹೆಸರು ನನಗೆ ಗೊತ್ತಿರಲಿಲ್ಲ.