ಪತ್ರಿಕೆಯಲ್ಲಿ ಬಾರದ ಪ್ರಾರ್ಥನೆ

ಚರ್ಚಿನ ಯುವಜನ ಸಂಘದಲ್ಲಿ ಅವಳನ್ನು ಎಲ್ಲರೂ ಗೋಂದು ಎಂದೇ ಕರೆಯುತ್ತಾರೆ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಅಂಟಿನ ಮೇಜಿನಲ್ಲಿ ಅವಳದು ಆರು ವರ್ಷದ ಕೆಲಸ. ಬುಧವಾರ ಸಂಜೆ ಪಾಳಿ ಮುಗಿಸಿ ನೇರವಾಗಿ ಸಂಘದ ಕೋಣೆಗೆ ಬರುವಾಗ ಬೆರಳ ತುದಿಗಳಲ್ಲಿ ಒಣಗಿದ ಅಂಟು ಪೊರೆಯಂತೆ ಎದ್ದಿರುತ್ತದೆ. ಸಭೆ ಮುಗಿಯುವವರೆಗೂ ಅದನ್ನು ಸುಲಿಯುತ್ತ ಕೂರುತ್ತಾಳೆ. ವಯಸ್ಸು ಇಪ್ಪತ್ನಾಲ್ಕು. ಮನೆಯಲ್ಲಿ ತಾಯಿ ಮತ್ತು ಅವಳು, ಇಬ್ಬರೇ. ತಂದೆ ತೀರಿಕೊಂಡ ವರ್ಷ ಅವಳನ್ನು ಕಾರ್ಖಾನೆಗೆ ಸೇರಿಸಿದವನು ಅಲ್ಲಿಯ ಮೇಲ್ವಿಚಾರಕ. ಅವನು ಅವಳ ಜ್ಞಾನತಂದೆ. ದೀಕ್ಷಾಸ್ನಾನದ ದಿನ ಕೂಸಾಗಿದ್ದ ಅವಳನ್ನು ಎತ್ತಿ ಹಿಡಿದು, ಅವಳ ಪರವಾಗಿ ದೇವರಿಗೆ ಮಾತು ಕೊಟ್ಟವನು. ಅವಳು ಅವನನ್ನು ದೊಡ್ಡಪ್ಪ ಎನ್ನುತ್ತಾಳೆ.

ಭಾನುವಾರದ ಬಲಿಪೂಜೆಯಲ್ಲಿ, ಪ್ರವಚನ ಮುಗಿದ ಮೇಲೆ, ಸಭೆಯ ಪರವಾಗಿ ಐದಾರು ಕೋರಿಕೆಗಳನ್ನು ಓದುವ ಕ್ರಮವಿದೆ. ಅಚ್ಚಾದ ಪುಸ್ತಕದಿಂದ ಓದಿ ಮುಗಿಸುವುದು ಸುಲಭ. ಈ ಚರ್ಚಿನಲ್ಲಿ ಮೂರು ವರ್ಷಗಳಿಂದ ಅವುಗಳನ್ನು ಬರೆಯುತ್ತಿರುವವರು ಯುವಜನರು. ಬುಧವಾರದ ಸಭೆಯಲ್ಲಿ ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ: ಈ ವಾರ ಏನು ನೋಡಿದಿರಿ, ಏನು ಕೇಳಿದಿರಿ, ಏನು ಹೆದರಿಸಿತು. ನೋಡಿದ್ದು ಸಿನಿಮಾ ಆಗಬಹುದು, ಕೇಳಿದ್ದು ಬಸ್ಸಿನಲ್ಲಿ ಮೊಳಗಿದ ಹಾಡಾಗಬಹುದು. ಹೆದರಿಸಿದ್ದಕ್ಕೆ ಮಾತ್ರ ಪತ್ರಿಕೆಯ ತುಣುಕು ಬೇಕು. ತುಣುಕನ್ನು ಗೋಡೆಯ ಹಾಳೆಗೆ ಅಂಟಿಸಿ, ಅದರ ಕೆಳಗೆ ಎರಡು ಸಾಲಿನ ಪ್ರಾರ್ಥನೆ ಬರೆಯಬೇಕು. ಪತ್ರಿಕೆಯಲ್ಲಿ ಇಲ್ಲದ್ದನ್ನು ಬರೆಯಕೂಡದು. ಪೂಜಾಪೀಠದ ಮುಂದೆ ಗಾಳಿಮಾತು ಬೇಡ ಎಂದು ಆ ನಿಯಮ ಮಾಡಿದವನು ಸಂಘದ ಅಧ್ಯಕ್ಷ. ಬಸ್ ಕಂಡಕ್ಟರ್ ಆದ ಅವನು ಪ್ರತಿ ಪ್ರಾರ್ಥನೆಯನ್ನೂ ತುಣುಕಿನ ಜೊತೆ ಹಿಡಿದು ತಾಳೆ ನೋಡುತ್ತಾನೆ.

"ಟಿಕೆಟ್ ಇಲ್ದೆ ಒಂದು ಪ್ರಾರ್ಥನೇನೂ ಹತ್ತೋ ಹಾಗಿಲ್ಲ" ಎನ್ನುವುದು ಅವನ ಮಾಮೂಲು ಮಾತು.

"ಹಾಗಾದ್ರೆ ನನ್ನ ಹಾಡಿಗೆ ಅರ್ಧ ಟಿಕೆಟ್ ಕೊಡು" ಎನ್ನುತ್ತಾಳೆ ಬ್ಯೂಟಿಪಾರ್ಲರಿನಲ್ಲಿ ಕೆಲಸ ಮಾಡುವ ಹುಡುಗಿ. ಚರ್ಚಿಗೆ ಬರಲಾಗದ ವೃದ್ಧರಿಗಾಗಿ ಬಲಿಪೂಜೆಯನ್ನು ಮೊಬೈಲಿನಲ್ಲಿ ನೇರಪ್ರಸಾರ ಮಾಡುವವಳೂ ಅವಳೇ. ಕೋರಿಕೆಗಳ ಭಾಗವನ್ನು ಅರ್ಧ ನಿಮಿಷಕ್ಕೆ ಕತ್ತರಿಸಿ, ಹಿಂದೆ ಒಂದಿಷ್ಟು ಸಂಗೀತ ಸೇರಿಸಿ, ಎಲ್ಲರಿಗೂ ಹಂಚುತ್ತಾಳೆ.

ಕಾರ್ಖಾನೆಗೆ ಬೆಂಕಿ ಬಿದ್ದದ್ದು ಒಂದು ಮಂಗಳವಾರ ಮಧ್ಯಾಹ್ನ. ಮುಂಬಾಗಿಲ ಹತ್ತಿರ ಅಂಟಿನ ಡ್ರಮ್ಮಿನ ಪಕ್ಕ ಹೊತ್ತಿಕೊಂಡದ್ದು ರಟ್ಟಿನ ರಾಶಿಗೆ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಳಗೆ ಇಪ್ಪತ್ತೆರಡು ಜನರಿದ್ದರು. ಗೋಂದು ಹಿಂಬಾಗಿಲಿಗೆ ಓಡಿದಳು. ತಳ್ಳಿದರೆ ಬಾಗಿಲು ಎರಡು ಬೆರಳಷ್ಟು ಸರಿದು ನಿಂತಿತು. ಆ ಸಂದಿಯಲ್ಲಿ ಹೊರಗಿನ ಬಿಸಿಲೂ ಒಂದು ಸರಪಳಿಯೂ ಕಂಡವು. ಮಾಲು ಹೊರಗೆ ಸಾಗದಿರಲೆಂದು ಆ ಬಾಗಿಲಿಗೆ ಎರಡು ತಿಂಗಳಿಂದ ಬೀಗ ಹಾಕುತ್ತಿದ್ದರು. ಯಾರೋ ಶೌಚಾಲಯದ ಕಿಟಕಿಯ ಸರಳು ಕಿತ್ತರು. ಇಪ್ಪತ್ತು ಜನ ಅದರಿಂದ ಹಾರಿದರು. ಹಾರುವಾಗ ಅವಳ ಕಣ್ಣಿಗೆ ಬಿದ್ದವನು ದೊಡ್ಡಪ್ಪ. ಹಿಂಬಾಗಿಲ ಹೊರಗೆ ನಿಂತು ಬೀಗಕ್ಕೆ ಕೈ ಹಾಕಿದ್ದ. ಕೈ ನಡುಗಿ ಬೀಗದ ಕೈ ತೂತಿಗೆ ಹೋಗುತ್ತಿರಲಿಲ್ಲ. ನೆಲಕ್ಕೆ ಬಿತ್ತು, ಎತ್ತಿಕೊಂಡ, ಮತ್ತೆ ಬಿತ್ತು.

ಯಂತ್ರ ನಡೆಸುವ ಒಬ್ಬ ಗಂಡಸೂ ಅವಳ ಪಕ್ಕದ ಮೇಜಿನ ಹೆಂಗಸೂ ಆ ಬಾಗಿಲ ಹಿಂದೆ ಸತ್ತರು. ಆ ಹೆಂಗಸನ್ನು ಅವಳು ಅಕ್ಕ ಎನ್ನುತ್ತಿದ್ದಳು. ಮಾರನೆಯ ದಿನ ಆಸ್ಪತ್ರೆಯ ಹೊರಾಂಗಣದಲ್ಲಿ ಕಚೇರಿಯ ಗುಮಾಸ್ತ ಒಂದು ಹಾಳೆ ತಂದ. ಹಿಂಬಾಗಿಲು ತೆರೆದಿತ್ತು, ಹೊಗೆಯಲ್ಲಿ ಕಾಣಲಿಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಏಳು ಜನ ಸಹಿ ಹಾಕಿದರು. ನಾಲ್ಕನೆಯದು ಅವಳದು. ಪತ್ರಿಕೆಗಳು ವಿದ್ಯುತ್ ತಂತಿಯ ದೋಷವೆಂದು ಬರೆದವು. ಸರಪಳಿಯ ಮಾತು ಯಾವುದರಲ್ಲೂ ಇರಲಿಲ್ಲ. ಹತ್ತು ದಿನಕ್ಕೆ ಪಕ್ಕದ ಶೆಡ್ಡಿನಲ್ಲಿ ಕೆಲಸ ಮತ್ತೆ ಶುರುವಾಯಿತು.

ಮೂರು ಬುಧವಾರ ಅವಳು ಮೂರನೆಯ ಪ್ರಶ್ನೆಗೆ ಬಾಯಿ ಬಿಡಲಿಲ್ಲ. ನಾಲ್ಕನೆಯ ವಾರ ಕಂಡಕ್ಟರಿಗೆ ಸಂಜೆಯ ಪಾಳಿ ಬಿತ್ತು. ತಾಳೆ ನೋಡುವವರು ಇರಲಿಲ್ಲ. ಬೆಂಕಿಯ ಸುದ್ದಿಯ ಹಳೆಯ ತುಣುಕಿನ ಕೆಳಗೆ ಅವಳು ಎರಡು ಸಾಲು ಬರೆದಳು. ಭಾನುವಾರ ಅದನ್ನು ಮೈಕಿನ ಮುಂದೆ ಓದಿದವಳೂ ಅವಳೇ.

"ಬೀಗ ಹಾಕಿದ ಬಾಗಿಲ ಹಿಂದೆ ಉಸಿರು ಬಿಟ್ಟ ಇಬ್ಬರಿಗಾಗಿ, ಮತ್ತು ಬೀಗದ ಕೈ ಹಿಡಿದೂ ತೆರೆಯಲಾಗದೆ ಹೋದ ಕೈಗಳಿಗಾಗಿ ಪ್ರಾರ್ಥಿಸೋಣ."

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎಂದಿತು ಸಭೆ, ಎಂದಿನಂತೆ ಒಂದೇ ರಾಗದಲ್ಲಿ.

ಅವಳ ತಪ್ಪು ಇಷ್ಟೇ. ಕೋರಿಕೆಗಳನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲವೆಂದು ಮೂರು ವರ್ಷದ ಅನುಭವದಿಂದ ನಂಬಿದ್ದಳು. ಆ ಹೊತ್ತಿಗೆ ಜನ ಕೆಮ್ಮುತ್ತಾರೆ, ಮಕ್ಕಳ ಮೂಗು ಒರೆಸುತ್ತಾರೆ, ಬಾಗಿಲ ಕಡೆ ನೋಡುತ್ತಾರೆ. ಸಾವಿರ ಜನರ ನಡುವೆ ನಿಜವನ್ನು ಗಟ್ಟಿಯಾಗಿ ಹೇಳಿ ದೇವರಿಗೊಬ್ಬನಿಗೇ ಕೇಳಿಸಬಹುದಾದ ಜಾಗ ಅದೊಂದೇ ಎಂದುಕೊಂಡಿದ್ದಳು. ತಲೆ ಎತ್ತಿದಾಗ ಮೂರನೆಯ ಬೆಂಚಿನಲ್ಲಿ ದೊಡ್ಡಪ್ಪ ಅವಳನ್ನೇ ನೋಡುತ್ತಿದ್ದ. ಮುಂದಿನ ಕೋರಿಕೆಯಲ್ಲಿ ಎರಡು ಸಲ ತಡವರಿಸಿದಳು.

ಪೂಜೆ ಮುಗಿದ ಮೇಲೆ ಅವನು ಅಂಗಳದ ನಲ್ಲಿಯ ಬಳಿ ಕಾದಿದ್ದ. ದನಿ ಏರಿಸಲಿಲ್ಲ.

"ಅದು ಯಾವ ಪೇಪರ್‌ನಲ್ಲಿ ಬಂದಿತ್ತು?"

ಅವಳು ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದಳು.

"ಕೇಳ್ತಾ ಇದೀನಿ. ಯಾವ ಪೇಪರ್?"

"ದೊಡ್ಡಪ್ಪ, ನಾನು ನಿಮ್ಮ ಮೇಲೆ ದೂರು ಹೇಳಿಲ್ಲ. ನಿಮಗೋಸ್ಕರ ಕೇಳ್ಕೊಂಡೆ."

"ನನಗೋಸ್ಕರ ಕೇಳ್ಕೋಬೇಕಾದ್ರೆ ಮನೇಲಿ ಮಂಡಿ ಊರು" ಎಂದು ಹೇಳಿ ಅವನು ಹೊರಟುಹೋದ.

ಸೋಮವಾರ ಪಾರ್ಲರಿನವಳ ಅರ್ಧ ನಿಮಿಷದ ತುಣುಕು ಕಾರ್ಖಾನೆಯ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಗೋಂದು ಮೇಜಿಗೆ ಬಂದಾಗ ಎದುರು ಕೂರುವವಳು ತನ್ನ ಸ್ಟೂಲನ್ನು ಬೇರೆ ಮೇಜಿಗೆ ಒಯ್ದಿದ್ದಳು. ಹನ್ನೊಂದು ಗಂಟೆಗೆ ಕಚೇರಿಯ ಗುಮಾಸ್ತ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಂಡ ಹಾಳೆ.

"ನಿನ್ನ ಸಹಿನೇ ತಾನೆ?"

"ಹೌದು."

"ಅಷ್ಟೇ. ಸುಮ್ನೆ ಕೇಳ್ದೆ."

ಅವನು ನಕ್ಕು ಹೋದ. ಆ ನಗುವಿಗೆ ಅವಳು ಹೆದರಿದಷ್ಟು ಬೈಗುಳಕ್ಕೂ ಹೆದರುತ್ತಿರಲಿಲ್ಲ. ಆ ದಿನದಿಂದ ಅವಳು ಶೌಚಾಲಯದ ಚಿಲಕ ಹಾಕುವುದನ್ನು ಬಿಟ್ಟಳು, ಬಾಗಿಲನ್ನು ಒಂದು ಕಾಲಿನಿಂದ ಒತ್ತಿ ಹಿಡಿಯತೊಡಗಿದಳು. ಮನೆಗೆ ಹೋಗುವ ದಾರಿಯಲ್ಲಿ ಹಿಂದೆ ಮೋಟಾರ್‌ಸೈಕಲ್ಲಿನ ಸದ್ದು ಕೇಳಿದರೆ ಅಂಗಡಿಯ ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದಳು. ಅದು ಮುಂದೆ ಹೋದ ಮೇಲೆಯೇ ಇಳಿಯುತ್ತಿದ್ದಳು.

ಮಂಗಳವಾರ ದೊಡ್ಡಪ್ಪ ಮನೆಗೆ ಬಂದ. ತಾಯಿಗೆ ಖುಷಿಯೋ ಖುಷಿ. ಅವನಿಗೆ ಟೀ ಕೊಟ್ಟು, "ಇವಳಿಗೊಂದು ಗಂಡು ನೋಡಿ ಅಂದ್ರೆ ನೀವು ಈ ಕಡೆ ತಲೇನೇ ಹಾಕಲ್ಲ" ಎಂದು ಆಕ್ಷೇಪಿಸಿದಳು.

"ಮೊದಲು ಇವಳು ಬಾಯಿಗೊಂದು ಬೀಗ ಹಾಕ್ಕೊಳ್ಳಲಿ, ಆಮೇಲೆ ನೋಡೋಣ" ಎಂದ ಅವನು. ಹೇಳಿದ ಕೂಡಲೇ ಆ ಮಾತು ಅವನಿಗೇ ಚುಚ್ಚಿರಬೇಕು. ಟೀ ಕೆಳಗಿಟ್ಟ. ತಾಯಿ ಒಳಗೆ ಹೋದ ಮೇಲೆ ಮುಂದಕ್ಕೆ ಬಾಗಿದ.

"ಮಗಳೇ, ಕಾರ್ಖಾನೆ ತನಿಖಾಧಿಕಾರಿ ಮತ್ತೆ ಬರ್ತಾನಂತೆ. ಬಾಗಿಲು ತೆರೆದಿತ್ತು. ನೀನು ಸಹಿ ಹಾಕಿದೀಯ. ಈಗ ಬೇರೆ ಹೇಳಿದ್ರೆ ಸುಳ್ಳು ಹೇಳಿದವಳು ನೀನಾಗ್ತೀಯ. ನಾನು ಒಳಗೆ ಹೋಗ್ತೀನಿ. ನಿನ್ನನ್ನ ಈ ಕೈಲಿ ಎತ್ಕೊಂಡಿದೀನಿ, ನೆನಪಿದೆಯಾ?"

"ಕೂಸಿಗೆ ಹೇಗೆ ನೆನಪಿರುತ್ತೆ ದೊಡ್ಡಪ್ಪ?"

ಅವನಿಗೆ ನಗು ಬರಲಿಲ್ಲ. ಮತ್ತೆ ಎತ್ತಿಕೊಂಡ ಟೀ ಕಪ್ಪು ಸಾಸರಿನ ಮೇಲೆ ಟಕಟಕ ಎನ್ನುತ್ತಿತ್ತು.

ಬುಧವಾರ ಸಂಘದ ಕೋಣೆಯಲ್ಲಿ ಗಲಾಟೆಯಾಯಿತು. ಕಂಡಕ್ಟರ್ ಗೋಡೆಯ ಹಾಳೆಯ ಮುಂದೆ ನಿಂತು ತುಣುಕನ್ನು ಮೂರು ಸಲ ಓದಿದ.

"ಇದರಲ್ಲಿ ಬೀಗ ಎಲ್ಲಿದೆ? ನಿಯಮ ಮಾಡಿದ್ದು ಯಾಕೆ? ನಾಳೆ ಕಾರ್ಖಾನೆಯವರು ಚರ್ಚಿನ ಮೇಲೆ ಕೇಸ್ ಹಾಕಿದ್ರೆ?"

"ನಿನ್ನ ನಿಯಮದಲ್ಲಿ ಸತ್ಯ ಹೇಳಬಾರದು ಅಂತ ಇತ್ತಾ?" ಎಂದು ಪಾರ್ಲರಿನವಳು ಎದ್ದಳು.

"ನೀನು ಸುಮ್ನಿರಮ್ಮ. ಮ್ಯೂಸಿಕ್ ಹಾಕಿ ಊರಿಗೆಲ್ಲ ಹಂಚಿದವಳು ನೀನು."

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಶಾಲಾ ವ್ಯಾನ್ ಓಡಿಸುವವನ ಬೂದು ಅಂಗಿ. ಅವನು ಈ ಚರ್ಚಿನವನಲ್ಲ, ಈ ಧರ್ಮದವನೂ ಅಲ್ಲ. ಅಕ್ಕನ ಗಂಡನೆಂದು ಗೋಂದುಗೆ ಮಾತ್ರ ಗೊತ್ತಿತ್ತು. ಒಳಗೆ ಬರಬಹುದೇ ಎಂದು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಬಂದು, ಅವಳ ಎದುರು ನಿಂತ.

"ವಿಡಿಯೋ ನೋಡ್ದೆ. ಒಂದೇ ಒಂದು ಕೇಳ್ತೀನಿ, ಆಮೇಲೆ ಹೋಗ್ತೀನಿ. ಹೊಗೇಲಿ ಬಾಗಿಲು ಕಾಣದೆ ಹೋಯ್ತು ಅಂದ್ರು ನಂಗೆ. ಅವಳು ಯಾವಾಗ್ಲೂ ಹಾಗೇ, ಗಾಬರಿ ಬೀಳ್ತಾಳೆ ಅಂತ ನಾನೂ ಅಂದ್ಕೊಂಡೆ. ತಿಂಗಳಿಂದ ಅವಳನ್ನೇ ಬೈಕೊಂಡೆ, ಬಾಗಿಲು ಹುಡುಕೋಕಾಗಲಿಲ್ವಾ ಅಂತ. ಬೀಗ ಹಾಕಿತ್ತಾ?"

ಗೋಂದು ತನ್ನ ಬೆರಳ ತುದಿಯಿಂದ ರಕ್ತ ಬರುವಷ್ಟು ಸುಲಿದಿದ್ದಳು.

"ಹಾಕಿತ್ತು" ಎಂದಳು. "ಅಕ್ಕ ನನಗಿಂತ ಮೊದಲೇ ಬಾಗಿಲ ಹತ್ತಿರ ಇದ್ರು. ಹುಡುಕಿದ್ರು. ಸಿಕ್ಕಿತ್ತು."

ಅವನು ಆಯ್ತಮ್ಮ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಕಂಡಕ್ಟರ್ ಗೋಡೆಯ ಹಾಳೆಯ ಕಡೆ ಮತ್ತೆ ನೋಡಲಿಲ್ಲ.

ಅವಳು ನೇರವಾಗಿ ಚರ್ಚಿನ ಗುರುಗಳ ಬಳಿ ಹೋದಳು. ಅವರು ಕಚೇರಿಯಲ್ಲಿ ಪ್ರಿಂಟರಿಗೆ ಹಾಳೆ ತುಂಬುತ್ತಿದ್ದರು.

"ಫಾದರ್, ನಾನು ದೇವರಿಗೆ ಮಾತ್ರ ಹೇಳಿದ್ದೆ."

"ದೇವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಮ್ಮ. ಮೈಕ್ ಇಟ್ಟಿರೋದು ಬೇರೆಯವರಿಗೆ."

"ನಂಗೆ ತುಂಬಾ ಹೆದರಿಕೆ ಆಗ್ತಿದೆ."

"ನನಗೂ ಆಗ್ತಿದೆ. ಕಾರ್ಖಾನೆ ಮಾಲೀಕ ಬೆಳಿಗ್ಗೆ ಫೋನ್ ಮಾಡಿದ್ದ." ಅವರು ಪ್ರಿಂಟರಿನ ಮುಚ್ಚಳ ಮುಚ್ಚಿದರು. "ತನಿಖಾಧಿಕಾರಿ ಹತ್ರ ಹೋಗು ಅಂತ ನಾನು ಹೇಳಲ್ಲ. ಕೆಲಸ ಹೋಗೋದು ನಿಂದು. ಹೋಗೋದಾದ್ರೆ ಒಬ್ಬಳೇ ಹೋಗಬೇಡ."

ಗುರುವಾರ ರಾತ್ರಿಯೂಟಕ್ಕೆ ಕೂತಾಗ ಅವಳು ತಾಯಿಗೆ ಎಲ್ಲವನ್ನೂ ಹೇಳಿದಳು. ತಾಯಿ ಮೊದಲು ಅವಳಿಗೆ ಬೈದಳು, ಆಮೇಲೆ ಅವನಿಗೆ, ಆಮೇಲೆ ಸತ್ತುಹೋದ ಗಂಡನಿಗೆ. ಬೆಳಿಗ್ಗೆ ಮಗಳಿಗಿಂತ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ತನಿಖಾಧಿಕಾರಿಯ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಅಧಿಕಾರಿ ಕನ್ನಡಕದ ಮೇಲಿಂದ ಅವಳನ್ನು ನೋಡಿ ಹಳೆಯ ಹೇಳಿಕೆಯನ್ನು ಮುಂದಿಟ್ಟ.

"ಆಗ ತೆರೆದಿತ್ತು ಅಂದೆ. ಈಗ ಮುಚ್ಚಿತ್ತು ಅಂತೀಯ. ಆಗ ಯಾಕೆ ಹೇಳಲಿಲ್ಲ?"

"ಹೆದರಿಕೆಗೆ."

"ಈಗ ಹೆದರಿಕೆ ಹೋಯ್ತಾ?"

"ಇಲ್ಲ ಸಾರ್."

ಅಧಿಕಾರಿ ಅದನ್ನೂ ಬರೆದುಕೊಂಡ. ಬೀಗದ ಕೈ ಯಾರ ಬಳಿ ಇತ್ತು ಎಂದು ಕೇಳಿದ. ಪಕ್ಕದಲ್ಲಿ ಕೂತಿದ್ದ ತಾಯಿ ಮಗಳ ಮೊಣಕೈ ಹಿಡಿದಳು. ಅವಳು ದೊಡ್ಡಪ್ಪನ ಹೆಸರು ಹೇಳಿದಳು. ಅವನು ತೆರೆಯಲು ನೋಡಿದ್ದನ್ನೂ ಹೇಳಿದಳು. ಕೈ ನಡುಗಿದ್ದನ್ನೂ, ಬೀಗದ ಕೈ ಎರಡು ಸಲ ಬಿದ್ದದ್ದನ್ನೂ ಬರೆಯಲೇಬೇಕೆಂದು ಹಟ ಹಿಡಿದಳು. ಓದಿಸಿ ಕೇಳಿಯೇ ಸಹಿ ಹಾಕಿದಳು.

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಅವಳು ದೊಡ್ಡಪ್ಪನಿಗೆ ತಾನೇ ಫೋನ್ ಮಾಡಿದಳು. ಬೇರೆಯವರ ಬಾಯಿಂದ ಅವನಿಗೆ ತಿಳಿಯುವುದು ಅವಳಿಗೆ ಬೇಕಿರಲಿಲ್ಲ.

"ಹೇಳಿಬಿಟ್ಟೆ ದೊಡ್ಡಪ್ಪ. ಸೋಮವಾರ ನಿಮ್ಮನ್ನ ಕರೀತಾರೆ."

ಆ ಕಡೆ ಯಂತ್ರಗಳ ಸದ್ದು ಕೇಳುತ್ತಿತ್ತು.

"ಬೀಗ ಹಾಕು ಅಂದಿದ್ದು ಮಾಲೀಕರು" ಎಂದ ಅವನು. "ಅದನ್ನ ಹೇಳಿದ್ಯಾ?"

"ಅವರು ಹೇಳಿದ್ದನ್ನ ನಾನು ಕೇಳಿಸ್ಕೊಂಡಿಲ್ಲ. ನೀವು ಕೇಳಿಸ್ಕೊಂಡಿದೀರ. ನೀವೇ ಹೇಳಬೇಕು."

"ನನ್ನ ಕತೆ ಮುಗೀತು ಮಗಳೇ."

ತಾಯಿ ಫೋನ್ ಕಸಿದುಕೊಳ್ಳಲು ಕೈ ಚಾಚುತ್ತಿದ್ದಳು. ಗೋಂದು ಅದನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ಎಷ್ಟು ಗಂಟೆಗೆ ಹೋಗ್ಬೇಕು?" ಎಂದು ಅವನು ಕೇಳಿದ.

"ಹತ್ತಕ್ಕೆ. ಎರಡನೇ ಮಹಡಿ. ನಾನು ಕೆಳಗೆ ನಿಂತಿರ್ತೀನಿ."

"ಬೇಡ" ಎಂದ. ಆಮೇಲೆ, "ಒಂಬತ್ತೂವರೆಗೆ ಬಾ" ಎಂದ.